ಹೊಸತೊಡಕಿನ ದಿನ ಪಂಚರು ಸಿಗಲಿಲ್ಲ

ನನ್ನ ಹಳೇ ಡೈರಿಯಲ್ಲಿ ಯುಗಾದಿ ಮಾರನೇ ದಿನದ ಪುಟ ಹೀಗೆ ಶುರುವಾಗುತ್ತದೆ: ‘ಹೊಸತೊಡಕು. ಬೆಳಿಗ್ಗೆ ಮಟನ್ ಬಂತು. ಹಿಂದೆಯೇ ಪೊಲೀಸರು ಬಂದರು.’ ಮನೆ ಬಾಡಿಗೆಗೆ ಕೊಟ್ಟವರಿಗೆ ಇಂಥವೆಲ್ಲ ಹಬ್ಬ ನೋಡಿಕೊಂಡೇ ಬರುತ್ತವೆ.

೧. ಬಾಗಿಲು

ತುಮಕೂರಿನ ಶಿರಾ ಗೇಟ್ ಹತ್ತಿರದ ನಮ್ಮ ಮನೆಯ ಕೆಳಗಡೆ ಒಂದು ಪಕ್ಷದ ಕಚೇರಿಯಿತ್ತು. ಅದನ್ನು ಶೋಧಿಸಲು ಬಂದ ಅಧಿಕಾರಿಗೆ ಬೀಗ ಎದುರಾಯಿತು. ಕೀ ಇಟ್ಟುಕೊಂಡಿದ್ದ ಕಾರ್ಯದರ್ಶಿ ಗುಬ್ಬಿಯ ಮಾವನ ಮನೆಗೆ ಬಾಡೂಟಕ್ಕೆ ಹೋಗಿದ್ದ.

“ಒಡೀರಿ” ಎಂದರು ಅಧಿಕಾರಿ.

ಅದು ನಮ್ಮತ್ತೆ ಮುಂದೆ ನಿಂತು ಮಾಡಿಸಿದ ತೇಗದ ಬಾಗಿಲು. “ಪಂಚರೆಲ್ಲಿ ಸಾರ್? ಊರಿನ ಇಬ್ಬರು ಸಾಕ್ಷಿಗೆ ನಿಲ್ಲದೆ ಬಾಗಿಲು ಮುಟ್ಟೋ ಹಾಗಿಲ್ಲ” ಎಂದೆ.

“ಲಾ ಓದಿದೀರಾ ಅಮ್ಮ?”

“ಬಿ.ಎ. ಓದಿದೀನಿ. ದಿನಾ ಪೇಪರ್ ಓದ್ತೀನಿ.”

೨. ಕುಣಿಗಲ್‌ನವನು

ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಎಂಬುದು ನಮ್ಮ ಕಡೆಯ ನಂಬಿಕೆ. ಪಂಚರನ್ನು ಹುಡುಕಿಕೊಂಡು ಪೇದೆ ಬೀದಿಯೆಲ್ಲ ಸುತ್ತಿದ. ಎದುರಿನ ಟೈರ್ ಅಂಗಡಿಯವನು, “ಇವತ್ತು ಸಾಕ್ಷಿಗೆ ನಿಂತ್ರೆ ವರ್ಷವೆಲ್ಲ ಕೋರ್ಟೇ ಕಣಣ್ಣ, ಬುಡು” ಎಂದು ಶಟರ್ ಎಳೆದುಕೊಂಡ.

ಊರಿನವರು ಒಪ್ಪದಿದ್ದರೆ ಹೊರಗಿನವರೂ ಆಗುತ್ತದೆಂದು, ಕೊನೆಗೆ ಪೊಲೀಸರಿಗೆ ಸಾಕ್ಷಿ ಹಾಕಿ ರೂಢಿಯಿದ್ದ ಒಬ್ಬನನ್ನು ಕುಣಿಗಲ್‌ನಿಂದ ಜೀಪಿನಲ್ಲಿ ಕರೆತಂದರು. ಇಳಿದವನೇ ನನ್ನನ್ನು ಕೇಳಿದ: “ಎಲ್ಲಿ ಸೈನ್ ಹಾಕ್ಲಿ ಅಕ್ಕ? ಮನೇಲಿ ಸಾರು ಆರ್ತದೆ.”

“ಇನ್ನೂ ಬಾಗಿಲೇ ತೆಗೆದಿಲ್ಲಪ್ಪ.”

“ಅದಕ್ಕೇನು? ನಾನು ಯಾವತ್ತೂ ಒಳಗೆ ಹೋದವನಲ್ಲ.”

೩. ಎರಡನೆಯವರು

ಅಷ್ಟರಲ್ಲಿ ಕಾರ್ಯದರ್ಶಿ ಕೀ ಹಿಡಿದು ಬಂದ. ಬಾಗಿಲು ಉಳಿಯಿತು. ಇನ್ನೊಬ್ಬ ಪಂಚ ಮಾತ್ರ ಸಿಗಲಿಲ್ಲ.

ಅಧಿಕಾರಿ ನನ್ನತ್ತ ತಿರುಗಿ, “ಓದಿದವರು, ಗೌರವಸ್ಥರು, ಇದೇ ಬೀದಿಯವರು. ನೀವೇ ನಿಲ್ಲಿ ಅಮ್ಮ” ಎಂದರು. ಗೌರವಸ್ಥರು ಎಂದ ಮೇಲೆ ಒಲ್ಲೆ ಎನ್ನುವುದು ಹೇಗೆ?

“ಒಳಗೆ ಹೋಗೋ ಮೊದಲು ನಿಮ್ಮ ಜೇಬು ತೋರಿಸಿ. ನೀವೇ ಏನಾದ್ರೂ ತಂದಿಟ್ರಿ ಅಂತ ಆಗಬಾರದು” ಎಂದೆ. ಅಧಿಕಾರಿಯ ಜೇಬಿನಲ್ಲಿ ಚಕ್ಕೆ ಲವಂಗದ ಪೊಟ್ಟಣ ಸಿಕ್ಕಿತು. “ಮನೆಯವರು ತರೋಕೆ ಹೇಳಿದ್ರು” ಎಂದು ತಲೆ ತಗ್ಗಿಸಿದರು.

೪. ಲೋಪ

ಅವತ್ತು ಪೊಲೀಸರು ಒಂದಿಷ್ಟು ಕಾಗದಪತ್ರ ಜಪ್ತಿ ಮಾಡಿದ್ದರು; ಶೋಧ ಕ್ರಮಬದ್ಧವಲ್ಲ ಎಂದು ಪಕ್ಷದವರು ಕೋರ್ಟಿಗೆ ಹೋದರು. ನಾನು ರೇಷ್ಮೆ ಸೀರೆ ಉಟ್ಟು ಸಾಕ್ಷಿಗೆ ಹೋದೆ. ಪಕ್ಷದ ವಕೀಲರು ಬಾಗಿಲು ಒಡೆದರೇ, ಜೇಬು ತೋರಿಸಿದರೇ ಎಂದೆಲ್ಲ ಕೇಳಿದರು. ಒಂದು ತಪ್ಪೂ ಸಿಗಲಿಲ್ಲ.

“ಕಟ್ಟಡ ಯಾರದಮ್ಮ?”

“ನನ್ನದೇ” ಎಂದೆ, ತಲೆಯೆತ್ತಿ.

ವಕೀಲರು ನ್ಯಾಯಾಧೀಶರ ಕಡೆ ತಿರುಗಿದರು. “ಕಚೇರಿಯ ಬಾಡಿಗೆ ತಗೊಳ್ಳೋರು ಸ್ವತಂತ್ರ ಪಂಚರಾಗ್ತಾರಾ ಸ್ವಾಮಿ? ಈ ಶೋಧದಲ್ಲಿರೋ ಲೋಪ ಈ ಅಮ್ಮನವರೇ.”

ಆ ವಾದ ಮುಂದಿನ ಯುಗಾದಿಯವರೆಗೂ ಎಳೆಯಿತು. ನಾನು ಆಟೋ ಹತ್ತಿದಾಗೆಲ್ಲ ಟೈರ್ ಅಂಗಡಿಯವನು, “ಕೋರ್ಟಿಗಾ ಅಮ್ಮ?” ಎನ್ನುತ್ತಿದ್ದ.

ಒಟ್ಟು ಖರ್ಚು: ವರ್ಷದ ಆಟೋ ಬಾಡಿಗೆ, ಕೋರ್ಟಿನ ಮೆಟ್ಟಿಲು ಹತ್ತಿ ಸವೆದ ಒಂದು ಜೊತೆ ಚಪ್ಪಲಿ, ನಾನು ಜೇಬು ನೋಡುತ್ತಿದ್ದಾಗ ಒಲೆಯ ಮೇಲೆ ಸೀದುಹೋದ ಎರಡು ಕೆಜಿ ಮಟನ್. ಬಾಗಿಲಿಗೆ ಏನೂ ಖರ್ಚಾಗಲಿಲ್ಲ.