ಅಳತೆಗೆ ಹೊಲಿದ ದೋಣಿ

ಭಾನುವಾರ ಒಂದೇ ಒಂದು ಗಂಟೆ ತನ್ನನ್ನು ಯಾರೂ ಕರೆಯಬಾರದು ಎಂಬುದು ಗುಮಾಸ್ತನ ಜೀವಮಾನದ ಆಸೆ. ಸ್ನಾನಕ್ಕೆ ಹೋದರೆ ಹೆಂಡತಿ ಬಾಗಿಲು ಬಡಿಯುತ್ತಿದ್ದಳು; ಮಹಡಿ ಹತ್ತಿದರೆ ಒಣಗಿದ ಬಟ್ಟೆ ತರಲು ಕೂಗುತ್ತಿದ್ದಳು. ಕೊನೆಗೆ ಆತ ಮಹಾಸಂಕಲ್ಪ ಮಾಡಿದ: ಒಂದು ಹಾಯಿದೋಣಿ ಕಟ್ಟಿ ಕೆರೆಯ ನಡುವೆ ಹೋಗಿ ಕೂರುವುದು. (ನೀರಿಗೆ ಬಾಗಿಲಿಲ್ಲ, ಬಡಿಯುವ ಮಾತೂ ಇಲ್ಲ.)

ಗುಟ್ಟನ್ನು ತಾಯಿಗೆ ಮಾತ್ರ ಹೇಳಿದ. ಊರಿಗೆಲ್ಲ ಬಟ್ಟೆ ಹೊಲಿದು ಈಚೆಗಷ್ಟೇ ಮಿಷನ್ನಿಗೆ ಮುಸುಕು ಹಾಕಿದ್ದ ಆಕೆಗೆ ಕೈ ತುರಿಸುತ್ತಿತ್ತು. ತೆಳು ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಲ್ಲಿ ಹೊಲಿದು, ಮೇಲೆ ಅಂಟು ಬಳಿದರೆ ದೋಣಿ ಎಂದು ಮಗ ಪುಸ್ತಕ ನೋಡಿ ಓದಿ ಹೇಳಿದ.

"ಹೊಲಿಯೋದು ಅಂದ್ಮೇಲೆ ನೀನು ದೂರ ನಿಂತ್ಕೋ. ಮೊದಲು ಅಳತೆ."

"ಅಳತೆ ಪುಸ್ತಕದಲ್ಲೇ ಇದೆ ಅಮ್ಮಾ."

"ಪುಸ್ತಕ ಹೋಗಿ ಕೂರುತ್ತಾ ಅದರಲ್ಲಿ? ಕೂರೋನು ನೀನು. ಬಾ ಇಲ್ಲಿ."

ಟೇಪು ಸೊಂಟ ಸುತ್ತಿತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಟೇಪು ಕಂಡೊಡನೆ ಹೊಟ್ಟೆಯನ್ನು ಬೆನ್ನಿಗಂಟಿಸುವುದು ಗುಮಾಸ್ತನ ಹಳೆಯ ಅಭ್ಯಾಸ. ಹೆಂಡತಿ ನೋಡುತ್ತಿದ್ದರಂತೂ ಹೊಟ್ಟೆಯೇ ಮಾಯ.

"ಸಡಿಲ ಬಿಡೋ."

"ಬಿಟ್ಟಿದೀನಿ," ಎಂದ, ಉಸಿರಿಲ್ಲದ ದನಿಯಲ್ಲಿ.

ತಾಯಿ ಹಳೆಯ ಪತ್ರಿಕೆ ಹಾಸಿ, ಸೀಮೆಸುಣ್ಣದಲ್ಲಿ ಗೀಚಿ, ಅಂಗಿ ಕತ್ತರಿಸಿದಂತೆ ದೋಣಿ ಕತ್ತರಿಸಿದಳು. ನಡುಮನೆ ತುಂಬ ಅಂಟು, ಮರದ ಹೊಟ್ಟು.

"ರೀ, ಊಟಕ್ಕೆ ಎಲ್ಲಿ ಕೂರೋದು?"

"ದೋಣಿಯಲ್ಲಿ."

"ಕಿಟಕಿ ಪರದೆ ಎಲ್ಲಿ ಹೋಯ್ತು?"

ತಾಯಿ, ಮಗ ಇಬ್ಬರೂ ಹಾಯಿಯ ಕಡೆ ನೋಡಲಿಲ್ಲ.

"ತೇಲದಿದ್ರೆ ಸೌದೆಗೆ ಹಾಕ್ತೀನಿ, ನೋಡ್ತಿರಿ," ಎಂದಳು ಹೆಂಡತಿ.

ದೋಣಿ ಸಿದ್ಧವಾದ ಭಾನುವಾರ ಕೆರೆಯ ದಂಡೆಯಲ್ಲಿ ಗುಮಾಸ್ತ ಉಸಿರು ಬಿಗಿಹಿಡಿದು ದೋಣಿಯೊಳಗೆ ಇಳಿದ. ಹಾಯಿ ಉಬ್ಬಿತು. ಆ ಸಂತೋಷಕ್ಕೆ ಆತ ಉಸಿರು ಬಿಟ್ಟ. ಆತನೂ ಉಬ್ಬಿದ. ಹಲಗೆ ಕಿರುಗುಟ್ಟಿತು, ಸೀಸೆಯ ಬಾಯಿಗೆ ಬಿರಡೆ ಜಡಿದಂತೆ ಸಿಕ್ಕಿಕೊಂಡ. ಹೆಂಡತಿ ದೋಣಿ ಹಿಡಿದಳು, ತಾಯಿ ಮಗನನ್ನು ಎಳೆದಳು.

"ಅಳತೆ ಕೊಡುವಾಗ ಹೊಟ್ಟೆ ಎಲ್ಲಿಟ್ಟಿದ್ದೆ?" ಎಂದಳು ತಾಯಿ. "ಬಟ್ಟೆ ಆಗಿದ್ರೆ ಬಿಚ್ಚಿ ಅಗಲ ಮಾಡ್ತಿದ್ದೆ. ಹಲಗೇನ ಏನ್ ಮಾಡ್ಲಿ?"

"ಅತ್ತೆ, ನಾನೊಂದು ಸಲ ಕೂತು ನೋಡ್ಲಾ?"

ಕೂತಳು. ಅವಳಿಗೆಂದೇ ಹೊಲಿದಂತಿತ್ತು. ಹೂವಿನ ಪರದೆಗೆ ಗಾಳಿ ತುಂಬಿ ದೋಣಿ ಕೆರೆಯ ನಡುವೆ ಹೋಗಿ ನಿಂತಿತು; ಒಂದು ಹನಿ ನೀರು ಒಳಗೆ ಬರಲಿಲ್ಲ. ಗುಮಾಸ್ತನ ಎದೆ ಹಿಗ್ಗಿತು. ಸ್ವಲ್ಪ ಹೊತ್ತು ಕಾದು ಕೂಗಿದ: "ಸಾಕು, ಬಾರೇ."

ಹೆಂಡತಿ ಹಿಂದಕ್ಕೊರಗಿ ಕಣ್ಣು ಮುಚ್ಚಿದಳು.

"ಕೇಳಿಸ್ತಿಲ್ವೇನೋ ಅಮ್ಮಾ."

"ಕೇಳಿಸಬಾರದು ಅಂತ ತಾನೇ ಕಟ್ಟಿದ್ದು," ಎಂದಳು ತಾಯಿ. ನೀರನ್ನೇ ನೋಡುತ್ತ, "ಬೇಜಾರಾಗಬೇಡ ಕಣೋ, ಇನ್ನೊಂದು ಹೊಲಿಯೋಣ," ಎಂದಳು.

ಗುಮಾಸ್ತನ ಮುಖ ಅರಳಿತು.

"ಅದು ನಂಗೆ," ಎಂದಳು ತಾಯಿ. "ಇಷ್ಟು ವರ್ಷ ಇಡೀ ಊರು ನನ್ನೂ ಕರೆದಿದೆ. ಮೂರನೇದು ನಿಂದು."