ಎರವಲು ರೋಗಿಗಳು

ಅರವತ್ತೆರಡನೇ ಇಸವಿಯ ಒಂದು ಬೆಳಿಗ್ಗೆ ಟಪಾಲಿನಲ್ಲಿ ಬಂದ ಕಾರ್ಡು ಹರಿಹರದ ದನದ ಡಾಕ್ಟರು ಬಕ್ಕೇಶಪ್ಪನವರ ಬೆವರಿಳಿಸಿತು. ಅಂದೇ ಹನ್ನೊಂದಕ್ಕೆ ಇಲಾಖೆಯ ಜಿಲ್ಲಾ ಸಾಹೇಬರು ಚಿತ್ರದುರ್ಗದಿಂದ ದವಾಖಾನೆ ನೋಡಲು ಬರುವವರಿದ್ದರು.

ನೋಡಲು ಏನಿತ್ತು? ಒಂದು ಬೀರು, ಎರಡು ಸಿರಿಂಜು, ಖಾಲಿ ಅಂಗಳ. ಸೂಜಿ ಚುಚ್ಚಿದರೆ ಹಾಲು ಬತ್ತುತ್ತದೆಂದು ಹೆದರಿ ಹೆಚ್ಚಿನವರು ದನ ತರುತ್ತಲೇ ಇರಲಿಲ್ಲ.

ಡಾಕ್ಟರಿಗೆ ಬೇಕಿದ್ದದ್ದು ದಾವಣಗೆರೆಗೆ ವರ್ಗ. ಹೆಂಡತಿ ಶಕುಂತಲಮ್ಮ ಅಲ್ಲಿ ಹೆರಿಗೆ ಆಸ್ಪತ್ರೆಯ ನರ್ಸು. ಎಮ್ಮೆ ಯಾವಾಗ ಈಯುತ್ತದೋ ಎಂದು ಇವರು ಹರಿಹರ ಬಿಡುವಂತಿರಲಿಲ್ಲ. ಹೆಂಗಸರು ಯಾವಾಗ ಹೆರುತ್ತಾರೋ ಎಂದು ಆಕೆ ದಾವಣಗೆರೆ ಬಿಡುವಂತಿರಲಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಸಂಸಾರವೆಲ್ಲ ಕಾಗದದಲ್ಲೇ ನಡೆದಿತ್ತು, ಪಾಪ.

"ಖಾಲಿ ಅಂಗಳ ಕಂಡ್ರೆ ಸಾಹೇಬ್ರು ವರ್ಗ ಕೊಡ್ತಾರೇನೋ ಕಲ್ಲಪ್ಪ? ನಾಲ್ಕು ದನ ಆದ್ರೂ ಬೇಕಲ್ಲೋ," ಎಂದು ಡಾಕ್ಟರು ಕಾಂಪೌಂಡರನ ಮುಂದೆ ಗೋಗರೆದರು.

"ಸುಮ್ಕೆ ಕೂಡ್ರಿ ಸಾರ್. ನಲವತ್ತು ತರ್ತೀನಿ."

ಸೂಜಿಯ ಮಾತೇ ಇಲ್ಲವೆಂದು ಮನೆಮನೆಯಲ್ಲೂ ಆಣೆಯಿಟ್ಟು ಕಲ್ಲಪ್ಪ ತಂದೇ ತಂದ. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಆದರೆ ಒಂದಕ್ಕಾದರೂ ರೋಗವಿರಬೇಕಲ್ಲ!

ಸಾಹೇಬರು ಬಂದವರೇ ತಿಮ್ಮವ್ವನ ಎಮ್ಮೆಯ ಮುಂದೆ ನಿಂತರು. "ಇದಕ್ಕೇನಮ್ಮ?"

"ಏನೂ ಇಲ್ರಿ, ಗುಂಡುಕಲ್ಲು ಇದ್ದಂಗೈತೆ..." ಕಲ್ಲಪ್ಪ ಆಕೆಯ ಕಾಲು ತುಳಿದ. "ಅಯ್ಯೋ! ಮೇವೇ ಮುಟ್ಟಂಗಿಲ್ರಿ!"

ಅಷ್ಟರಲ್ಲಿ ಎಮ್ಮೆ ಸಾಹೇಬರಿಗೆಂದು ತಂದಿದ್ದ ಹಾರವನ್ನು ಅರ್ಧ ಮುಗಿಸಿತ್ತು.

"ಇಂಜೆಕ್ಷನ್ ಕೊಡಿ, ನೋಡೋಣ," ಎಂದರು ಸಾಹೇಬರು.

"ಸೂಜಿ ಬ್ಯಾಡ್ರೀ ಯಪ್ಪಾ!" ತಿಮ್ಮವ್ವ ಎಮ್ಮೆಯ ಕೊರಳಿಗೆ ಜೋತುಬಿದ್ದಳು.

"ಇದಕ್ಕೆ ಬಾಯಿಗೇ ಔಷಧ ಸಾರ್," ಎಂದು ಡಾಕ್ಟರು ಬಿದಿರಿನ ಗೊಟ್ಟದಲ್ಲಿ ಬೆಲ್ಲದ ನೀರು ತುಂಬಿ ಎಮ್ಮೆಯ ಬಾಯಿಗಿಟ್ಟರು. ಎಮ್ಮೆ ತಲೆ ಕೊಡವಿತು. ಬೆಲ್ಲದ ನೀರೆಲ್ಲ ಡಾಕ್ಟರ ಹೊಸ ಅಂಗಿಯ ಪಾಲಾಯಿತು.

ತುಂಬಿದ ಅಂಗಳ, ಒದ್ದೆ ಅಂಗಿ ಕಂಡು ಸಾಹೇಬರಿಗೆ ಬಹಳ ಮೆಚ್ಚಿಗೆಯಾಯಿತು.

"ನಿಜ ಹೇಳ್ತೀನಿ ಬಕ್ಕೇಶಪ್ಪ. ನಿಮ್ಮ ರಿಜಿಸ್ಟರಿನಲ್ಲಿ ತಿಂಗಳಿಗೆ ಮೂರೇ ದನ. ಈ ದವಾಖಾನೆ ದಂಡ, ಮುಚ್ಚಿಸಿ ನಿಮ್ಮನ್ನ ದಾವಣಗೆರೆಗೆ ಹಾಕೋಣ ಅಂತ ಆರ್ಡರೇ ಬರೆಸಿಕೊಂಡು ಬಂದಿದ್ದೆ. ರಿಜಿಸ್ಟರ್ ಬರೆಯೋಕೂ ನಿಮಗೆ ಪುರುಸೊತ್ತಿಲ್ಲ ಅಂತ ಈಗ ಗೊತ್ತಾಯ್ತು."

ಅವರು ಜೇಬಿನಿಂದ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. "ಜನ ಇಷ್ಟು ನಂಬಿರೋ ಡಾಕ್ಟರನ್ನ ಕಿತ್ಕೊಂಡು ಹೋದ್ರೆ ನನಗೆ ಪಾಪ ಸುತ್ತಿಕೊಳ್ತದೆ. ರಿಟೈರ್ ಆಗೋವರೆಗೂ ಇಲ್ಲೇ ಇರಿ."

ಬಕ್ಕೇಶಪ್ಪನವರ ಕಣ್ಣಲ್ಲಿ ದಳದಳ ನೀರಿಳಿಯಿತು. ಅದನ್ನು ಆನಂದಬಾಷ್ಪವೆಂದು ತಿಳಿದ ಸಾಹೇಬರು ಅವರ ಬೆನ್ನು ತಟ್ಟಿದರು.