ನನ್ನ ಲಿನಕ್ಸ್ ಪೀಕಲಾಟಗಳು

ಕೆಲವರಿಗೆ ವೀಣೆಯ ಹುಚ್ಚು, ಕೆಲವರಿಗೆ ನಾಯಿ ಸಾಕುವ ಹುಚ್ಚು. ನನಗೆ ಲಿನಕ್ಸ್ ಅನ್ನೋ ಕಂಪ್ಯೂಟರ್ ತಂತ್ರಾಂಶದ್ದು. ಓಕಳಿಪುರಂನಲ್ಲಿ ಮನೆ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ. ಹಳೇ ಕಂಪ್ಯೂಟರ್ ಕಣ್ಣಿಗೆ ಬಿದ್ದರೆ ಸಾಕು, ವಿಂಡೋಸ್ ತೆಗೆದು ಲಿನಕ್ಸ್ ಹಾಕಿಬಿಡ್ತೀನಿ. ಪುಕ್ಕಟೆ ಸಿಗುತ್ತೆ, ಮುದಿ ಯಂತ್ರದಲ್ಲೂ ಸಲೀಸಾಗಿ ಓಡುತ್ತೆ. ಇಷ್ಟು ವರ್ಷದಲ್ಲಿ ಯಂತ್ರಗಳು ತಕರಾರು ಮಾಡಿದ್ದು ಕಡಿಮೆ. ಮನುಷ್ಯರದ್ದು ಮಾತ್ರ ವಾರಕ್ಕೊಂದು ಇದ್ದೇ ಇರುತ್ತೆ.

ಸೊನ್ನೆಗೂ ಕೊಟೇಶನ್

ನಮ್ಮ ಸೆಕ್ಷನ್ನಿನ ಕಂಪ್ಯೂಟರ್ ಒಂದು ಪತ್ರ ತೆರೆಯುವಷ್ಟರಲ್ಲಿ ನಾವು ಟೀ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. "ಸರ್, ಇದಕ್ಕೆ ಲಿನಕ್ಸ್ ಹಾಕ್ಲಾ?" ಅಂತ ಸಾಹೇಬರನ್ನ ಕೇಳಿದೆ.

"ಎಷ್ಟಾಗುತ್ತೆ?"

"ಏನೂ ಇಲ್ಲ ಸರ್, ಫ್ರೀ."

ಅವರು ಕನ್ನಡಕ ತೆಗೆದಿಟ್ಟರು. "ನಿಯಮ ಅಂದ್ರೆ ನಿಯಮಾನೇ ಅಮ್ಮಾ. ಮೂರು ಕೊಟೇಶನ್ ತಗೊಂಡು ಬನ್ನಿ."

ಮೂರು ಬಗೆಯ ಲಿನಕ್ಸಿನ ಹೆಸರು ಬರೆದು, ಎದುರಿಗೆ ಸೊನ್ನೆ, ಸೊನ್ನೆ, ಸೊನ್ನೆ ಹಾಕಿ ಫೈಲ್ ಮಂಡಿಸಿದೆ. ವಾರದ ನಂತರ ಷರಾ ಬಂತು: "ಮೂರೂ ದರ ಒಂದೇ ಇದೆ. ಚೌಕಾಸಿ ಮಾಡಿ, ಇನ್ನೂ ಕಡಿಮೆ ಮಾಡಿಸಿ ಮಂಡಿಸುವುದು."

ಲಗ್ನಪತ್ರಿಕೆ

ಅಕ್ಕನ ಮಗಳ ಮದುವೆ. ಲಗ್ನಪತ್ರಿಕೆಯ ಒಕ್ಕಣೆಯನ್ನ ನಾನೇ ಮನೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪೆನ್‌ಡ್ರೈವ್ ಹಿಡಿದು ಅಕ್ಕನ ಜೊತೆ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಚ್ಚುಹಾಕೋ ಅಂಗಡಿಗೆ ಹೋದೆ. ನಾನು ಬಳಸಿದ ಕನ್ನಡ ಫಾಂಟು ಅಂಗಡಿಯ ಕಂಪ್ಯೂಟರಿನಲ್ಲಿ ಇರಲಿಲ್ಲ. ಫೈಲ್ ತೆರೆದರೆ ಅಜ್ಜ, ಅಜ್ಜಿ, ಸೋದರಮಾವ, ಮುಹೂರ್ತ ಎಲ್ಲಾ ಮಾಯ. ಪುಟದ ತುಂಬ ಪುಟ್ಟ ಪುಟ್ಟ ಚೌಕ. ಅಕ್ಕ ನನ್ನನ್ನ ನುಂಗುವ ಹಾಗೆ ನೋಡಿದಳು.

ಅಂಗಡಿಯವರು ಮಾತ್ರ ತಲೆದೂಗಿದರು. "ಬಾರ್ಡರ್ ಡಿಸೈನ್ ಚೆನ್ನಾಗಿದೆ ಮೇಡಂ, ಹೊಸಾ ಥರ ಇದೆ. ಸರಿ, ಮ್ಯಾಟರ್ ಯಾವಾಗ ತರ್ತೀರ?"

ಸತ್ತ ಕೀಬೋರ್ಡ್

ಲಿನಕ್ಸಿನಲ್ಲಿ ಕೆಲವು ಕಡೆ ಪಾಸ್‌ವರ್ಡ್ ಒತ್ತಿದರೆ ತೆರೆಯ ಮೇಲೆ ಏನೂ ಕಾಣೋದಿಲ್ಲ, ಒಂದು ಚುಕ್ಕಿಯೂ ಇಲ್ಲ. ಕಚೇರಿಯಿಂದ ನಮ್ಮ ಯಜಮಾನರಿಗೆ ಫೋನ್ ಮಾಡಿ "ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿ" ಅಂದವಳು, ಇದೊಂದನ್ನ ಹೇಳೋದು ಮರೆತೆ. ಸಂಜೆ ಬಂದರೆ ಟೇಬಲ್ ಮೇಲೆ ಹೊಸ ಕೀಬೋರ್ಡ್.

"ಹಳೇದು ಸತ್ತೇ ಹೋಗಿತ್ತು ಕಣೇ, ಒಂದಕ್ಷರಾನೂ ಬರ್ತಿರ್ಲಿಲ್ಲ."

"ಇದರಲ್ಲಿ ಬಂತಾ?"

"ಎಲ್ಲಿ ಬಂತು? ಅಂಗಡಿಯವನ ಹತ್ರ ಜಗಳ ಆಡಿ ಬಂದಿದೀನಿ. ನಾಳೆ ಮೂರನೇದು ಕೊಡ್ತಾನಂತೆ."

ತಾಳ್ಮೆಯ ಮನುಷ್ಯ

ಪಕ್ಕದ ಮನೆಯ ಆಂಟಿ ನಿವೃತ್ತ ಗಣಿತದ ಟೀಚರ್. ಅವರ ಲ್ಯಾಪ್‌ಟಾಪಿಗೂ ನಾನೇ ಲಿನಕ್ಸ್ ಹಾಕಿ, ತೆರೆಯ ಮೇಲೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರ ಇಟ್ಟುಕೊಟ್ಟಿದ್ದೆ. ಒಂದು ದಿನ ಮುಖ ಸಪ್ಪೆ ಮಾಡಿಕೊಂಡು ಬಂದರು.

"ಕಂಪ್ಯೂಟರ್ ಕಂಪನಿಯಿಂದ ಫೋನ್ ಬಂದಿತ್ತು ಕಣಮ್ಮಾ. ನನ್ನದರಲ್ಲಿ ವೈರಸ್ ಇದೆಯಂತೆ. ಫೋನಲ್ಲೇ ಸರಿಮಾಡ್ಕೊಡ್ತೀನಿ ಅಂದ."

ಅವರ ಪೆನ್ಶನ್ ಖಾತೆಯ ವ್ಯವಹಾರವೆಲ್ಲ ಆ ಲ್ಯಾಪ್‌ಟಾಪಿನಲ್ಲೇ. "ಅವನು ಹೇಳಿದ್ದೆಲ್ಲ ಮಾಡಿದ್ರಾ ಆಂಟಿ?"

"ಮಾಡದೆ ಏನು? ಮೂಲೇಲಿ ಕಿಟಕಿ ಗುರುತು ಕಾಣುತ್ತಾ ಅಂದ. ಇಲ್ಲಪ್ಪ, ಪೆಂಗ್ವಿನ್ ಕೂತಿದೆ ಅಂದೆ. ಯಾವ ಪೆಂಗ್ವಿನ್ ಅಂದ. ಮೈ ಕಪ್ಪು, ಹೊಟ್ಟೆ ಬಿಳಿ, ಕೊಕ್ಕು ಹಳದಿ ಅಂತ ಬಿಡಿಸಿ ಹೇಳ್ದೆ. ಆಮೇಲೆ ಏನೋ ಫೈಲ್ ಕಳಿಸ್ದ, ತೆರೀಲೇ ಇಲ್ಲ. ಇನ್ನೊಂದು ಕಳಿಸ್ದ, ಅದೂ ತೆರೀಲಿಲ್ಲ. ಒಂದು ಗಂಟೆ ಒದ್ದಾಡ್ದ ಪಾಪ. ಕೊನೆಗೆ 'ಅಮ್ಮಾ, ಕೈ ಮುಗೀತೀನಿ, ಯಾರಾದ್ರೂ ಗೊತ್ತಿರೋರಿಗೆ ತೋರಿಸಿ' ಅಂತ ಇಟ್ಬಿಟ್ಟ."

ಅವನ ಫೈಲುಗಳೆಲ್ಲ ವಿಂಡೋಸಿಗೆ ಅಂತ ಮಾಡಿದ್ದು, ಲಿನಕ್ಸಿನಲ್ಲಿ ತೆರೆಯೋದಿಲ್ಲ. "ಆಂಟಿ, ಅವನು ಕಳ್ಳ! ನಿಮ್ಮ ದುಡ್ಡು ಹೊಡೆಯೋಕೆ ಫೋನ್ ಮಾಡಿದ್ದ!"



"ಕಳ್ಳನೇ ಇರಬಹುದಮ್ಮಾ. ಆದ್ರೂ ಒಂದು ಗಂಟೆ ಬೇಜಾರಿಲ್ದೆ ಹೇಳ್ಕೊಟ್ಟ. ನೀನು ಎರಡನೇ ಸಲ ಕೇಳಿದ್ರೇ ಕುಕ್ಕರ್ ಇಟ್ಟಿದೀನಿ ಅಂತ ಓಡ್ಹೋಗ್ತೀಯ!"